ಸದ್ದಿಲ್ಲದ ಕಾರಿಗೆ ರೇಟು ಕಟ್ಟುವುದು ಹೇಗೆ?

ಹಳೇ ಪೆಟ್ರೋಲ್ ಕಾರು ನೋಡಲು ಹೋದರೆ ಶಿರಸಿಯ ನಮ್ಮ ಭಾವನದು ಒಂದೇ ಕ್ರಮ. ಬಾನೆಟ್ ಎತ್ತಿಸಿ ಸ್ಟಾರ್ಟ್ ಮಾಡಿಸುತ್ತಾನೆ, ಕಣ್ಣು ಮುಚ್ಚಿ ಸದ್ದು ಕೇಳುತ್ತಾನೆ, ಆಯಿಲ್ ಕಡ್ಡಿ ಎಳೆದು ಬೆರಳಿಗೆ ಸವರಿ ನೋಡುತ್ತಾನೆ, ಹಿಂದೆ ಹೋಗಿ ಹೊಗೆಯ ಬಣ್ಣ ನೋಡುತ್ತಾನೆ. ಮೊನ್ನೆ ಕುಮಟಾದಲ್ಲಿ ಮೂರು ವರ್ಷ ಓಡಿದ ಎಲೆಕ್ಟ್ರಿಕ್ ಕಾರಿನ ಮುಂದೆ ನಿಂತು, "ಇದ್ರಲ್ಲಿ ಎಂತ ನೋಡೋದು ಮಾರಾಯ?" ಎಂದ. ಬ್ರೋಕರ್ ಹೇಳಿದ್ದು ಹೊಸದರ ಅರ್ಧ ಬೆಲೆ. ಅದನ್ನು ಕೇಳಿ ಭಾವನಿಗೆ ಗುಮಾನಿ ಇನ್ನೂ ಜಾಸ್ತಿಯಾಯಿತು.

ಬೆಲೆ ಬಿದ್ದಿದೆಯೆಂದರೆ ಕಾರು ಕೆಟ್ಟಿದೆ ಎಂದೇ ಅಲ್ಲ. ದೇಶದಲ್ಲೇ ಮೊದಲು, 2017ರಲ್ಲಿ, ವಿದ್ಯುತ್ ವಾಹನ ನೀತಿ ತಂದ ರಾಜ್ಯ ನಮ್ಮದು. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಇಲ್ಲಿ ಲೈಫ್ ಟ್ಯಾಕ್ಸ್ ಶೇ. 14ರಷ್ಟಿದ್ದಾಗ ಎಲೆಕ್ಟ್ರಿಕ್ ಕಾರಿಗೆ ಸೊನ್ನೆಯಿತ್ತು, 2024ರಲ್ಲಿ ಶೇ. 10 ಬಿದ್ದದ್ದೂ 25 ಲಕ್ಷ ಮೀರಿದವಕ್ಕೆ ಮಾತ್ರ. ಹೊಸ ವಿದ್ಯುತ್ ವಾಹನದ ಜಿಎಸ್‌ಟಿ 2019ರ ಆಗಸ್ಟ್‌ನಲ್ಲಿ ಶೇ. 12ರಿಂದ 5ಕ್ಕೆ ಇಳಿಯಿತು. ಹೊಸದು ಅಗ್ಗವಾದ ಮೇಲೆ ಹಳೆಯದಕ್ಕೆ ಯಾರು ಹೆಚ್ಚು ಕೊಡುತ್ತಾರೆ? ಒಣಗಿಸಿ ಸುಲಿದ ಚಾಲಿ ಅಡಿಕೆಯಲ್ಲಾದರೆ ಹಳೆಯದಕ್ಕೆ ಹೊಸದಕ್ಕಿಂತ ಹೆಚ್ಚು ರೇಟು. ಕಾರಿಗೆ ಆ ಭಾಗ್ಯವಿಲ್ಲ.

ಹಳೇ ಕಾರಿನ ವ್ಯಾಪಾರಿಗೆ ಮಾತ್ರ ಆ ಶೇ. 5 ಇಲ್ಲ. 2024ರ ಡಿಸೆಂಬರ್‌ನಲ್ಲಿ ಹಳೇ ಎಲೆಕ್ಟ್ರಿಕ್ ಕಾರಿನ ಮಾರಾಟಕ್ಕೂ ಶೇ. 18 ಎಂದು ತೀರ್ಮಾನವಾಯಿತು. ಇಡೀ ಬೆಲೆಯ ಮೇಲೆ ಎಂದು ಗಾಬರಿಯಾದವರು ಬಹಳ ಮಂದಿ. ತೆರಿಗೆ ಬೀಳುವುದು ವ್ಯಾಪಾರಿಯ ಲಾಭಾಂಶಕ್ಕೆ ಮಾತ್ರ. ಪಕ್ಕದ ಮನೆಯವರ ಕಾರನ್ನು ನೀವೇ ನೇರ ಕೊಂಡರೆ ಅದೂ ಇಲ್ಲ.

ಇನ್ನು ಬ್ಯಾಟರಿ. ಲಿಥಿಯಂ-ಅಯಾನ್ ಕೋಶದೊಳಗಿನ ಗ್ರಾಫೈಟಿನ ಮೇಲೆ ಮೊದಲ ಚಾರ್ಜಿನಲ್ಲೇ ತೆಳು ಪೊರೆಯೊಂದು ಕಟ್ಟುತ್ತದೆ. ವರ್ಷ ಕಳೆದಂತೆ ಅದು ದಪ್ಪವಾಗುತ್ತ, ಆಚೀಚೆ ಓಡಾಡಬೇಕಾದ ಲಿಥಿಯಂ ಅನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸೆಕೆ ಹೆಚ್ಚಿದಷ್ಟೂ, ಫುಲ್ ಚಾರ್ಜಿನಲ್ಲಿ ದಿನಗಟ್ಟಲೆ ನಿಲ್ಲಿಸಿದಷ್ಟೂ ಇದು ಬೇಗ ಬೆಳೆಯುತ್ತದೆ. ಕಾರವಾರದ ಬಿಸಿಲಲ್ಲಿ ಚಾರ್ಜು ತುಂಬಿಕೊಂಡು ನಿಂತಿದ್ದ ಕಾರು ಕಡಿಮೆ ಓಡಿದ್ದರೂ, ಶಿರಸಿಯ ನೆರಳಲ್ಲಿದ್ದು ಹೆಚ್ಚು ಓಡಿದ್ದಕ್ಕಿಂತ ಸೊರಗಿರಬಹುದು. ಕಿಲೋಮೀಟರ್ ಮೀಟರಿನಲ್ಲಿ ಇದು ಕಾಣುವುದಿಲ್ಲ.

ಯುರೋಪ್ ಒಕ್ಕೂಟ 2027ರ ಫೆಬ್ರವರಿಯಿಂದ ವಿದ್ಯುತ್ ವಾಹನದ ಬ್ಯಾಟರಿಗೆ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಅದರ ವಿವರಗಳ ದಾಖಲೆ, ಕಡ್ಡಾಯ ಮಾಡಿದೆ. ಎರಡನೇ ಮಾಲೀಕನಿಗೆ ಹೊಸ ಕಾರಿನ ರಿಯಾಯಿತಿಗಿಂತ ಇಂಥ ಜಾತಕವೇ ಹೆಚ್ಚು ಉಪಯೋಗ ಎನ್ನುವುದು ನನ್ನ ಲೆಕ್ಕ.

ಅದು ನಮ್ಮಲ್ಲಿಗೂ ಬರುವತನಕ, ಬ್ಯಾಟರಿ ಎಷ್ಟು ಸೊರಗಿದೆ ಎಂದು ತಿಳಿಯಲು ನಾವು ಹೂಡಿದ ಉಪಾಯ ಇದು. ಸಂಜೆ ಗೋಕರ್ಣದ ಕಡೆ ಓಡಿಸಿ ಚಾರ್ಜು ಶೇ. 20ಕ್ಕೆ ಇಳಿಸಿದೆವು. ಮಾಲೀಕರ ಮನೆಯಲ್ಲಿ, ಫ್ರಿಜ್ಜು-ಫ್ಯಾನಿನ ಲೆಕ್ಕ ಬೆರೆಯದಂತೆ ಪ್ಲಗ್ಗಿಗೇ ಸಣ್ಣ ಮೀಟರ್ ಸಿಕ್ಕಿಸಿ ರಾತ್ರಿಯಿಡೀ ತುಂಬಿಸಿದೆವು. 30 ಯೂನಿಟ್ಟಿನ ಬ್ಯಾಟರಿ. 80 ಪರ್ಸೆಂಟಿಗೆ 24 ಯೂನಿಟ್ ಹಿಡಿಯಬೇಕು. ಚಾರ್ಜರಿನಲ್ಲಿ ಹತ್ತರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆಂದು ಹಿಡಿದರೆ ಮೀಟರು ಸುಮಾರು 27 ತೋರಿಸಬೇಕಿತ್ತು. ಬೆಳಿಗ್ಗೆ ತೋರಿಸಿದ್ದು 25. ಅಂದರೆ ಬ್ಯಾಟರಿಗೆ ಇಳಿದದ್ದು 22.5, ಅಂದಾಜು ನೂರಕ್ಕೆ 94. ಮೂರು ವರ್ಷಕ್ಕೆ ಏನೂ ತಪ್ಪಿಲ್ಲ; 8 ವರ್ಷದ ಬ್ಯಾಟರಿ ವಾರಂಟಿಯಲ್ಲೂ ಐದು ಉಳಿದಿತ್ತು.

ಭಾವ ಬ್ರೋಕರನ ಕಡೆ ತಿರುಗಿ, "ನೂರಕ್ಕೆ ಆರು ಕಮ್ಮಿ ಉಂಟು. ರೇಟಲ್ಲೂ ಆರು ಕಳೀರಿ" ಎಂದ.

"ಇದೆಂತ ಅಡಿಕೆ ತೂಕವಾ?" ಎಂದ ಬ್ರೋಕರ್.