ತುಂಗಭದ್ರೆಯ ಹಸಿರು ನೀರು: ಪ್ಲವಕಗಳನ್ನು ಓದುವ ಬಗೆ

ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷ ಹಸಿರಾಗಿ ಸುದ್ದಿಗೆ ಬರುತ್ತದೆ. ನೀರು ಕೆಟ್ಟಿತು ಎನ್ನುವುದು ಸುಲಭ. ಏನು ಸೇರಿ ಕೆಟ್ಟಿತು? ಮೇಲ್ಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ಹರಿಹರದಂಥ ಊರುಗಳೂ ಇವೆ, ಗೊಬ್ಬರ ಉಣ್ಣುವ ಗದ್ದೆಗಳೂ ಇವೆ. ಪ್ರಯೋಗಾಲಯದ ವರದಿಯಲ್ಲಿ ಪಾಚಿಗೆ ಆಹಾರವಾಗುವ ಕರಗಿದ ರಂಜಕ ಕಡಿಮೆ ಕಂಡರೂ ನಂಬಿ ಕೂರಬೇಡಿ. ಪಾಚಿ ಅದನ್ನು ಆಗಲೇ ಹೀರಿಕೊಂಡು ತನ್ನ ಕೋಶದೊಳಗೆ ಇಟ್ಟುಕೊಂಡಿರಬಹುದು. ಪ್ಲವಕಗಳನ್ನು, ಅಂದರೆ ನೀರಿನಲ್ಲಿ ತೇಲುವ ಪಾಚಿ ಮತ್ತು ಪುಟ್ಟ ಪ್ರಾಣಿಗಳನ್ನು, ಎಣಿಸುವುದು ಇದಕ್ಕಾಗಿಯೇ.

ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಬರುವುದು ಪಾಮರ್ ಸೂಚ್ಯಂಕ (1969). ಕೊಳಚೆಯಂಥ ಸಾವಯವ ಮಾಲಿನ್ಯವನ್ನು ಸಹಿಸುವ 20 ಪಾಚಿ ಕುಲಗಳಿಗೆ 1ರಿಂದ 5ರವರೆಗೆ ಅಂಕ. ಮಾದರಿಯಲ್ಲಿ ಯೂಗ್ಲೀನಾ (5), ಆಸಿಲೆಟೋರಿಯಾ (5), ಕ್ಲಾಮಿಡೊಮೊನಾಸ್ (4), ಸೀನೆಡೆಸ್ಮಸ್ (4), ನಿಟ್ಜ್‌ಷಿಯಾ (3) ಸಿಕ್ಕವೆನ್ನಿ: ಒಟ್ಟು 21. ಮೊತ್ತ 20 ಮುಟ್ಟಿದರೆ ಮಾಲಿನ್ಯ ತೀವ್ರ, 15ರಿಂದ 19 ಇದ್ದರೆ ಶಂಕೆ. ಒಂದೆರಡು ಕೋಶ ಕಂಡ ಮಾತ್ರಕ್ಕೆ ಅಂಕ ಕೊಡುವಂತಿಲ್ಲ. ಮಿಲಿಲೀಟರಿಗೆ 50 ಕೋಶಗಳಾದರೂ ಬೇಕು.

ನಾನು ಎಡವಿದ್ದು ಇಲ್ಲಿಯೇ. ಜಲಾಶಯಗಳನ್ನು ಹಸಿರಾಗಿಸುವ ನೀಲಿ-ಹಸಿರು ಪಾಚಿಗಳಲ್ಲಿ ಮುಖ್ಯವಾದ ಮೈಕ್ರೊಸಿಸ್ಟಿಸ್‌ನ ಹೆಸರು ಪಾಮರ್ ಪಟ್ಟಿಯಲ್ಲಿ ಇಲ್ಲ. ಹಳೆಯ ವರ್ಗೀಕರಣದಂತೆ ಅದು ಅನಾಸಿಸ್ಟಿಸ್ ಎಂಬ ಕುಲದೊಳಗೆ ಅಡಗಿದೆ, ಸಿಗುವುದು ಒಂದೇ ಅಂಕ! ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸಬಲ್ಲ ಪಾಚಿಗೆ ಇಷ್ಟೇ ಏಕೆ? ಪಾಮರ್ ಅಳೆದದ್ದು ಕೊಳಚೆಯನ್ನು. ಗೊಬ್ಬರದ ಪೋಷಕಾಂಶ ಹೆಚ್ಚಿ ಪಾಚಿ ಉಕ್ಕಿದ್ದರೆ ಆ ಸೂಚ್ಯಂಕ ಸುಮ್ಮನಿರಬಹುದು.

ಪೋಷಕಾಂಶದ ಪ್ರಶ್ನೆಗೆ ನಿಗಾರ್ಡ್ ಅನುಪಾತವಿದೆ (1949): ನೀಲಿ-ಹಸಿರು ಪಾಚಿ, ಕ್ಲೋರೊಕಾಕೇಲೀಸ್ (ಹಸಿರು ಪಾಚಿಗಳ ಒಂದು ಗುಂಪು), ದುಂಡು ಡಯಾಟಮ್ (ಸಿಲಿಕಾ ಚಿಪ್ಪಿನ ಪಾಚಿ), ಯೂಗ್ಲೀನಾ ಬಳಗ ಇವುಗಳ ಪ್ರಭೇದಗಳನ್ನು ಕೂಡಿಸಿ ಡೆಸ್ಮಿಡ್ (ಇನ್ನೊಂದು ಬಗೆಯ ಹಸಿರು ಪಾಚಿ) ಪ್ರಭೇದಗಳ ಸಂಖ್ಯೆಯಿಂದ ಭಾಗಿಸಬೇಕು. 1ಕ್ಕಿಂತ ಕಡಿಮೆ ಬಂದರೆ ಪೋಷಕಾಂಶ ಕಡಿಮೆ. ಆದರೆ ಡೆಸ್ಮಿಡ್‌ಗಳಿಗೆ ಸುಣ್ಣದಂಶ ಕಡಿಮೆಯಿರುವ ಮೃದು ನೀರೇ ಇಷ್ಟ. ಗಡಸು ನೀರಿನಲ್ಲಿ ಅವು ಸಿಗದೆ ಸೊನ್ನೆಯಿಂದ ಭಾಗಿಸುವ ಪೇಚು ಎದುರಾಗಬಹುದು.

ಪ್ರಾಣಿಪ್ಲವಕಗಳಲ್ಲಿ ರೋಟಿಫರ್ ಎಂಬ ಸೂಕ್ಷ್ಮ ಪ್ರಾಣಿಗಳು ಅನುಕೂಲ. ಅವುಗಳಲ್ಲಿ ಬ್ರಾಕಿಯೋನಸ್ ಕುಲದ ಪ್ರಭೇದಗಳ ಸಂಖ್ಯೆಯನ್ನು ಟ್ರೈಕೊಸರ್ಕಾ ಕುಲದ ಪ್ರಭೇದಗಳ ಸಂಖ್ಯೆಯಿಂದ ಭಾಗಿಸಿದಾಗ 2 ದಾಟಿದರೆ ನೀರು ಪೋಷಕಾಂಶಭರಿತ. ಪಾಚಿ ತಿನ್ನುವ ಡಾಫ್ನಿಯಾ (ನೀರುಚಿಗಟ) ಇಲ್ಲವೆಂದು ಗಾಬರಿಯಾಗಬೇಡಿ. ಮೀನುಗಳು ತಿಂದು ಮುಗಿಸಿರಬಹುದು.

ಇನ್ನು ಮಾದರಿಯ ಮಾತು. ಮೈಕ್ರೊಸಿಸ್ಟಿಸ್ ಕೋಶಗಳಲ್ಲಿ ಅನಿಲದ ಚೀಲಗಳಿರುವುದರಿಂದ ಅದು ಮೇಲೆ ತೇಲುತ್ತದೆ, ಗಾಳಿ ಅದನ್ನು ದಡಕ್ಕೆ ದೂಡುತ್ತದೆ. ದಡದಲ್ಲಿ ಒಂದೇ ಬಾಟಲಿ ತುಂಬಿಕೊಂಡರೆ ಇಡೀ ಜಲಾಶಯ ವಿಷಮಯವೆನಿಸೀತು. ಮುಂಗಾರಿನಲ್ಲಿ ಇದಕ್ಕೆ ತದ್ವಿರುದ್ಧ: ಒಳಹರಿವು ಪ್ಲವಕಗಳನ್ನು ಕೊಚ್ಚಿ ಒಯ್ಯುತ್ತದೆ, ಕೆಂಪು ಮಣ್ಣು ಬೆಳಕನ್ನು ತಡೆಯುತ್ತದೆ. ಆಗಿನ ಕಡಿಮೆ ಎಣಿಕೆಯನ್ನು ಶುದ್ಧತೆ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಆದ್ದರಿಂದ ಹಿನ್ನೀರಿನ ತುದಿ, ನಡುಭಾಗ, ಅಣೆಕಟ್ಟೆಯ ಬಳಿ ಹೀಗೆ ಮೂರು ಕಡೆ, ಮಳೆಗೆ ಮುಂಚೆ ಮತ್ತು ನಂತರ ಮಾದರಿ ತೆಗೆಯಿರಿ. ಮಾದರಿ ಕೆಡದಂತೆ ಲುಗೋಲ್ ಅಯೋಡಿನ್ ದ್ರಾವಣ ಹನಿಸುವುದನ್ನು ದೋಣಿಯಲ್ಲಿಯೇ ಮುಗಿಸಿಬಿಡಿ.