ಭಾನುವಾರದ ಆವಿಷ್ಕಾರವೂ ನೇಮಕಾತಿ ಪತ್ರವೂ

ಪೇಟೆಂಟ್ ಮಾರಬೇಕೆಂದು ನನ್ನಲ್ಲಿಗೆ ಬರುವ ನೌಕರರ ಕಡತ ಸಾಮಾನ್ಯವಾಗಿ ದಪ್ಪಗಿರುತ್ತದೆ. ಬಿಡಿಭಾಗ ಕೊಂಡ ರಸೀದಿಗಳು, ದಿನಾಂಕವಿರುವ ಫೋಟೊಗಳು, ರಾತ್ರಿ ಹನ್ನೊಂದಕ್ಕೆ ತೆಗೆದ ವಿಡಿಯೊ, ಒಮ್ಮೊಮ್ಮೆ ಮನೆಯ ವಿದ್ಯುತ್ ಬಿಲ್ ಕೂಡ. ಇಷ್ಟೆಲ್ಲ ಹೊತ್ತು ತರುವುದು ಒಂದೇ ಮಾತಿಗಾಗಿ: “ಸರ್, ಇದನ್ನು ಮಾಡಿದ್ದು ಭಾನುವಾರ, ನನ್ನ ಮನೆಯಲ್ಲಿ, ನನ್ನ ದುಡ್ಡಿನಲ್ಲಿ.” ನೇಮಕಾತಿ ಪತ್ರ ಎಲ್ಲಿ ಎಂದು ಕೇಳಿದರೆ ಮುಖ ನೋಡುತ್ತಾರೆ. “ಅದರಲ್ಲೇನಿರುತ್ತದೆ ಸರ್, ಸಂಬಳ, ರಜೆ, ಅಷ್ಟೇ.”

ಅಷ್ಟೇ ಆಗಿದ್ದರೆ ನನಗೂ ಕೆಲಸ ಕಡಿಮೆಯಾಗುತ್ತಿತ್ತು. ರಜೆಯ ಪುಟ ದಾಟಿದ ಮೇಲೆ, ಹೆಚ್ಚಾಗಿ ಗೋಪ್ಯತೆಯ ಷರತ್ತಿನ ಬೆನ್ನಿಗೇ, ಇಂಥದೊಂದು ಸಾಲು ಕುಳಿತಿರುತ್ತದೆ: ‘ಉದ್ಯೋಗದ ಅವಧಿಯಲ್ಲಿ, ಕೆಲಸದ ವೇಳೆಯಲ್ಲಾಗಲಿ ಅದರ ಹೊರಗಾಗಲಿ, ಒಬ್ಬನಾಗಿಯಾಗಲಿ ಇತರರೊಡನೆಯಾಗಲಿ ರೂಪಿಸಿದ, ಸಂಸ್ಥೆಯ ಈಗಿನ ಅಥವಾ ಮುಂದಿನ ವ್ಯವಹಾರಕ್ಕೆ ಸಂಬಂಧಿಸಿದ ಎಲ್ಲ ಆವಿಷ್ಕಾರಗಳ ಹಕ್ಕನ್ನು ನೌಕರನು ಈ ಮೂಲಕ ಸಂಸ್ಥೆಗೆ ವರ್ಗಾಯಿಸುತ್ತಾನೆ.’ ‘ಅದರ ಹೊರಗಾಗಲಿ’ ಎನ್ನುವಲ್ಲಿಗೆ ನಿಮ್ಮ ಭಾನುವಾರ ಮುಗಿಯಿತು. ರಸೀದಿಗಳ ಕಟ್ಟು ಇನ್ನು ಯಾವ ಪ್ರಶ್ನೆಗೆ ಉತ್ತರ? ಆ ಸಾಲಿನ ಕೆಳಗಿರುವ ಸಹಿ ನಿಮ್ಮದೇ. ಕೆಲಸ ಸಿಕ್ಕ ಖುಷಿಯಲ್ಲಿ ಓದದೆ ಹಾಕಿದ್ದು.

ಸರಿ, ಅಂಥ ಷರತ್ತೇ ಇಲ್ಲ ಎಂದುಕೊಳ್ಳೋಣ. ಆಗಲೂ ಮುಖ್ಯ ಪ್ರಶ್ನೆ ಎಲ್ಲಿ ಮಾಡಿದಿರಿ ಎಂಬುದಾಗಿರುವುದಿಲ್ಲ; ನಿಮ್ಮನ್ನು ಯಾವ ಕೆಲಸಕ್ಕೆಂದು ಇಟ್ಟುಕೊಂಡಿದ್ದರು ಎಂಬುದಾಗಿರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1933ರಲ್ಲಿ ತೀರ್ಮಾನಿಸಿದ ಡ್ಯುಬಿಲಿಯರ್ ಪ್ರಕರಣವನ್ನು ನಾನು ಇದಕ್ಕಾಗಿಯೇ ಮತ್ತೆ ಮತ್ತೆ ಹೇಳುತ್ತೇನೆ. ಅಲ್ಲಿನ ಸರ್ಕಾರಿ ಪ್ರಯೋಗಾಲಯದ ರೇಡಿಯೊ ವಿಭಾಗದ ಇಬ್ಬರು ನೌಕರರು, ತಮಗೆ ಒಪ್ಪಿಸದೇ ಇದ್ದ ಕೆಲಸವೊಂದನ್ನು ಕೈಗೆತ್ತಿಕೊಂಡು, ಮನೆಯ ವಿದ್ಯುತ್ತಿನಲ್ಲೇ ರೇಡಿಯೊ ನಡೆಸುವ ವಿಧಾನ ಕಂಡುಹಿಡಿದರು. ಜಾಗ ಸರ್ಕಾರದ್ದು, ಉಪಕರಣ ಸರ್ಕಾರದ್ದು. ಆದರೂ ಪೇಟೆಂಟ್ ಅವರದೇ ಎಂದಿತು ನ್ಯಾಯಾಲಯ. ಸರ್ಕಾರಕ್ಕೆ ಸಿಕ್ಕಿದ್ದು ಬಳಸಿಕೊಳ್ಳುವ ಅನುಮತಿ ಮಾತ್ರ. ಅದೇ ನ್ಯಾಯಾಲಯ 1924ರಲ್ಲಿ, ನಿರ್ದಿಷ್ಟ ಯಂತ್ರವನ್ನು ರೂಪಿಸಿಕೊಡಲೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದವನ ಆವಿಷ್ಕಾರ ಸಂಸ್ಥೆಯದು ಎಂದಿತ್ತು. ಎರಡರಲ್ಲೂ ತೂಗಿದ್ದು ಒಪ್ಪಿಸಿದ ಕೆಲಸ.

ಇಲ್ಲಿ ನನ್ನ ಎಂದಿನ ಎಚ್ಚರಿಕೆ: ದೇಶ ಬದಲಾದರೆ ಉತ್ತರವೂ ಬದಲಾಗುತ್ತದೆ. ಭಾರತದ 1970ರ ಪೇಟೆಂಟ್ ಕಾಯ್ದೆಯಲ್ಲಿ ನೌಕರರ ಆವಿಷ್ಕಾರಕ್ಕೆಂದೇ ಪ್ರತ್ಯೇಕ ನಿಯಮವಿಲ್ಲ, ಹಾಗಾಗಿ ಕರಾರಿನ ಮಾತಿಗೆ ತೂಕ ಹೆಚ್ಚು. ಜರ್ಮನಿಯಲ್ಲಿ 1957ರ ಪ್ರತ್ಯೇಕ ಕಾಯ್ದೆಯೇ ಇದೆ: ಸಂಸ್ಥೆ ಆವಿಷ್ಕಾರವನ್ನು ಪಡೆಯಬಹುದು, ಪರಿಹಾರ ಕೊಡಲೇಬೇಕು. ಬ್ರಿಟನ್ನಿನ 1977ರ ಕಾಯ್ದೆ, ನೌಕರನ ಹಕ್ಕನ್ನು ಮೊಟಕು ಮಾಡುವ ಕರಾರನ್ನು ಅಷ್ಟರಮಟ್ಟಿಗೆ ಜಾರಿ ಮಾಡಲು ಬಿಡುವುದಿಲ್ಲ. ಕ್ಯಾಲಿಫೋರ್ನಿಯದಲ್ಲಿ ಸ್ವಂತ ಸಮಯ, ಸ್ವಂತ ಸಲಕರಣೆ ಎಂಬ ವಾದಕ್ಕೆ ನಿಜಕ್ಕೂ ಬೆಲೆಯಿದೆ. ಆದರೆ ಆವಿಷ್ಕಾರ ಸಂಸ್ಥೆಯ ವ್ಯವಹಾರಕ್ಕೆ ಸಂಬಂಧಿಸಿದ್ದಾದರೆ ಆ ರಕ್ಷಣೆ ಅಲ್ಲೂ ಹೋಗುತ್ತದೆ. ಆದ್ದರಿಂದ ಈ ಅಂಕಣ ಓದಿ ಯಾವ ತೀರ್ಮಾನಕ್ಕೂ ಬರಬೇಡಿ, ಪತ್ರ ಹಿಡಿದುಕೊಂಡು ನಿಮ್ಮ ವಕೀಲರ ಬಳಿ ಹೋಗಿ.

ಪೇಟೆಂಟ್ ಅರ್ಜಿಯಲ್ಲಿ ಆವಿಷ್ಕಾರಕನೆಂದು ತಮ್ಮ ಹೆಸರಿದೆ, ಆದ್ದರಿಂದ ತಾವೇ ಒಡೆಯರು ಎನ್ನುವವರೂ ಇದ್ದಾರೆ. ನೀಲಿ ಎಲ್‌ಇಡಿಯ ಆವಿಷ್ಕಾರಕರಲ್ಲೊಬ್ಬರಾದ ಜಪಾನಿನ ಶುಜಿ ನಕಮುರಾ ಅವರ ಹೆಸರಿಗೆ ನೊಬೆಲ್ ಕೂಡ ಸೇರಿತು, 2014ರಲ್ಲಿ. ಆದರೆ ಅವರು ದಾವೆ ಹೂಡಿದ್ದ ಪೇಟೆಂಟ್, ಅವರು ಕೆಲಸಕ್ಕಿದ್ದ ಸಂಸ್ಥೆಯದೇ ಎಂದು ಟೋಕಿಯೊ ನ್ಯಾಯಾಲಯ ಹೇಳಿತು. ಅವರು ಹೋರಾಡಿ ಪಡೆದದ್ದು ಪರಿಹಾರ: 2004ರಲ್ಲಿ ಕೆಳ ನ್ಯಾಯಾಲಯ 2,000 ಕೋಟಿ ಯೆನ್ ಕೊಡಿಸಿತು, 2005ರಲ್ಲಿ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು.

ಕೊಳ್ಳುವವನು ಇದನ್ನೆಲ್ಲ ನಿಮಗಿಂತ ಚೆನ್ನಾಗಿ ಬಲ್ಲ. ಅವನ ವಕೀಲರು ಯಂತ್ರ ಹೇಗೆ ಓಡುತ್ತದೆ ಎಂದು ಕೇಳುವ ಮೊದಲೇ, ಆಗ ಎಲ್ಲಿ ಕೆಲಸದಲ್ಲಿದ್ದಿರಿ, ಕರಾರು ತೋರಿಸಿ ಎನ್ನುತ್ತಾರೆ. ಅಲ್ಲಿಗೆ ಕೆಲವರಿಗೆ ಜಾಣತನ ಹುಟ್ಟುತ್ತದೆ. “ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿಬಿಡೋಣವೇ ಸರ್?” ದಯವಿಟ್ಟು ಬೇಡ. ಕಂಡುಹಿಡಿಯದವರನ್ನು ಆವಿಷ್ಕಾರಕರೆಂದು ಘೋಷಿಸಿದರೆ, ಪೇಟೆಂಟನ್ನೇ ರದ್ದುಪಡಿಸಲು ನೀವೇ ಆಧಾರ ಒದಗಿಸಿಕೊಟ್ಟಂತೆ. ಜೊತೆಗೆ ಹೆಂಡತಿಯನ್ನೂ ವ್ಯಾಜ್ಯಕ್ಕೆ ಎಳೆದಂತೆ. ರಾಜೀನಾಮೆ ಕೊಟ್ಟು ಮರುವಾರ ಅರ್ಜಿ ಹಾಕುವುದೂ ಹಳೆಯ ಉಪಾಯ. ಕೆಲಸ ಬಿಟ್ಟ ಮೇಲಿನ ಕೆಲವು ತಿಂಗಳನ್ನೂ ಒಳಗೊಳ್ಳುವ ಕರಾರುಗಳಿವೆ.

ಕೇಳಿಬಿಡುವುದೇ ಒಳ್ಳೆಯದು. ಬ್ಯಾಂಕಿಂಗ್ ತಂತ್ರಾಂಶದ ಕೆಲಸದಲ್ಲಿದ್ದ ಹುಡುಗನೊಬ್ಬ, ತನ್ನ ತಾಯಿಗಾಗಿ ಊರುಗೋಲಿನ ಚೌಕಟ್ಟನ್ನು ಒಂದೇ ಕೈಯಲ್ಲಿ ಮಡಚಲು ಬರುವ ಕೀಲನ್ನು ಮಾಡಿದ್ದ. ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎಂದು ಮಡಚಿಕೊಳ್ಳುತ್ತಿತ್ತು. ನಾನೂ ಹತ್ತಾರು ಸಲ ಒತ್ತಿ ನೋಡಿದೆ. ಅವನ ಕರಾರಿನಲ್ಲಿ ‘ವ್ಯವಹಾರಕ್ಕೆ ಸಂಬಂಧಿಸಿದ’ ಎಂಬ ಮಿತಿಯೂ ಇರಲಿಲ್ಲ, ಎಲ್ಲ ಆವಿಷ್ಕಾರವೂ ಸಂಸ್ಥೆಯದು ಎಂದಿತ್ತು. ಪ್ರಶ್ನಿಸಬಹುದಾದ ಷರತ್ತೇ, ಆದರೆ ಪ್ರಶ್ನಿಸುತ್ತಾ ಕೂತರೆ ಕೊಳ್ಳುವವನು ಕಾಯಬೇಕಲ್ಲ. ಹಕ್ಕು ಬಿಟ್ಟುಕೊಡಿ ಎಂದು ಕೇಳಲು ಹೇಳಿದೆ. ಕೀಲಿನಿಂದ ಆ ಸಂಸ್ಥೆಗೆ ಏನಾಗಬೇಕಿತ್ತು? ಒಪ್ಪಿಕೊಂಡರು.

ಆದರೆ ಅವನು ತಂದ ಪತ್ರಕ್ಕೆ ಅವನ ತಂಡದ ಮ್ಯಾನೇಜರ್ ಸಹಿ ಹಾಕಿದ್ದರು, ಒಳಗೆ ‘ನೌಕರನ ವೈಯಕ್ತಿಕ ಯೋಜನೆಗೆ ಆಕ್ಷೇಪವಿಲ್ಲ’ ಎಂಬ ಒಂದೇ ಸಾಲು. ಆ ಮ್ಯಾನೇಜರರಿಗೆ ಸಂಸ್ಥೆಯ ಹಕ್ಕು ಬಿಟ್ಟುಕೊಡುವ ಅಧಿಕಾರವಿರಲಿಲ್ಲ, ಯಾವ ಯೋಜನೆ ಎಂಬುದೂ ಕಾಗದದಲ್ಲಿರಲಿಲ್ಲ. ಕೊಳ್ಳುವವರ ವಕೀಲರು ಹಿಂದಿರುಗಿಸಿದರು, ನ್ಯಾಯವಾಗಿಯೇ. ಎರಡನೆಯ ಪತ್ರದಲ್ಲಿ ಕೀಲಿನ ವಿವರಣೆ ಬರೆಸಿ, ಗೋಪ್ಯ ಎಂದು ಗುರುತು ಹಾಕಿದ ರೇಖಾಚಿತ್ರವನ್ನು ಲಗತ್ತಿಸಿ, ಹಕ್ಕನ್ನು ನೌಕರನಿಗೆ ವರ್ಗಾಯಿಸಿದೆ ಎಂಬ ಸ್ಪಷ್ಟ ವಾಕ್ಯ ಸೇರಿಸಿ, ಅಧಿಕೃತ ನಿರ್ದೇಶಕರ ಸಹಿ ಮಾಡಿಸಿದೆವು. ಅದಾದ ಮೇಲೆಯೇ ದರದ ಮಾತು ಶುರುವಾದದ್ದು.