ಹೆಸರು ಕ್ಲಾಪ್ಟನ್ ಅವರದು, ಕೈ ನಿಮ್ಮದು

ಸಿಗ್ನೇಚರ್ ಗಿಟಾರ್, ಅಂದರೆ ಹೆಸರಾಂತ ವಾದಕರೊಬ್ಬರ ಹೆಸರಿನಲ್ಲಿ ಕಂಪನಿ ಮಾಡಿದ ಗಿಟಾರ್, ಹಿಡಿದು ಬರುವವರು ಹೆಚ್ಚಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಇಷ್ಟು ದುಡ್ಡು ಕೊಟ್ಟಿದ್ದೀನಿ, ಇದಕ್ಕೂ ಸೆಟಪ್ ಬೇಕಾ?" ಅನ್ನುವುದು ಒಂದು. "ಏನನ್ನೂ ಬದಲಾಯಿಸಬೇಡಿ, ಅವರ ಗಿಟಾರ್ ಹೇಗಿತ್ತೋ ಹಾಗೇ ಇರಲಿ" ಅನ್ನುವುದು ಇನ್ನೊಂದು. ಗಿಟಾರ್ ರಿಪೇರಿ, ಸೆಟಪ್ (ನುಡಿಸುವ ಕೈಗೆ ತಕ್ಕಂತೆ ಹೊಂದಿಸುವುದು) ಮಾಡುವ ನನಗೆ ಈ ಎರಡನೆಯ ಮಾತೇ ಜಾಸ್ತಿ ಯೋಚನೆಗೆ ಹಚ್ಚುತ್ತದೆ. ಹಾಗೇ ಇರಲಿ ಅನ್ನುವ ಮೊದಲು, ಅದು ಯಾಕೆ ಹಾಗಿದೆ ಅಂತ ಗೊತ್ತಿರಬೇಕು, ಅಲ್ವಾ?

ಒಳ್ಳೆಯ ಸಿಗ್ನೇಚರ್ ಗಿಟಾರ್‌ನಲ್ಲಿ ಒಬ್ಬ ವಾದಕ ತನ್ನ ತೊಂದರೆಗಳಿಗೆ ಕಂಡುಕೊಂಡ ಉತ್ತರಗಳಿರುತ್ತವೆ. ಬ್ಲೂಸ್ ವಾದಕ ಬಿ.ಬಿ. ಕಿಂಗ್ ಅವರ 'ಲೂಸಿಲ್' ಗಿಟಾರ್ ನೋಡಿ. ಆ ಬಗೆಯ ಗಿಟಾರ್‌ಗಳ ಮೈಮೇಲೆ ಸಾಮಾನ್ಯವಾಗಿ ಎಫ್ ಆಕಾರದ ಎರಡು ತೂತು ಇರುತ್ತವೆ. ಸ್ಟೇಜ್ ಮೇಲೆ ಜೋರಾಗಿ ನುಡಿಸಿದಾಗ ಅವುಗಳಿಂದ ಫೀಡ್‌ಬ್ಯಾಕ್ (ಸ್ಪೀಕರ್ ಕೂಗುವ ಸದ್ದು) ಏಳುತ್ತಿತ್ತು. ಕಿಂಗ್ ಅದರೊಳಗೆ ಬಟ್ಟೆ ತುರುಕುತ್ತಿದ್ದರು. ಅವರ ಹೆಸರಿನಲ್ಲಿ ಗಿಬ್ಸನ್ ಕಂಪನಿ ಗಿಟಾರ್ ಮಾಡಿದಾಗ ಆ ತೂತುಗಳನ್ನೇ ಬಿಟ್ಟುಬಿಟ್ಟರು. ವಾದಕ ಇಂಗ್ವೆ ಮಾಲ್ಮ್‌ಸ್ಟೀನ್ ಅವರ ಹೆಸರಿನ ಫೆಂಡರ್ ಕಂಪನಿಯ ಗಿಟಾರ್‌ನಲ್ಲಿ ಫ್ರೆಟ್‌ಗಳ (ಬೆರಳಿಡುವ ಪಟ್ಟಿಯ ಮೇಲಿನ ಅಡ್ಡ ಲೋಹದ ಗೆರೆಗಳ) ನಡುವಿನ ಮರವನ್ನು ಕೆತ್ತಿ ಹಳ್ಳ ಮಾಡಿರುತ್ತಾರೆ. ಬೆರಳು ಮರಕ್ಕೆ ತಾಗದೆ ತಂತಿಯನ್ನಷ್ಟೇ ಹಿಡಿಯುತ್ತದೆ. ತುಂಬಾ ಹಗುರವಾಗಿ ಒತ್ತಿ ನುಡಿಸುವ ಕೈಗೆ ಅದು ವರ. ಗಟ್ಟಿಯಾಗಿ ಒತ್ತುವವರು ನುಡಿಸಿದರೆ ಪ್ರತಿ ಸ್ವರವೂ ಏರಿ ಅಪಸ್ವರವಾಗುತ್ತದೆ.

ನನ್ನ ಕೈಗೆ ಹೆಚ್ಚು ಬಂದಿರುವುದು, ನಾನು ತುಂಬಾ ಗೌರವಿಸುವುದು ಬ್ರಿಟಿಷ್ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆಸರಿನ ಸ್ಟ್ರ್ಯಾಟೊಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರ್ಯಾಟ್). 1988ರಲ್ಲಿ ಬಂದ ಇದು ಫೆಂಡರ್‌ನ ಮೊದಮೊದಲ ಸಿಗ್ನೇಚರ್ ಮಾಡೆಲ್. ಅದರ ಮೂಲ 'ಬ್ಲ್ಯಾಕಿ' ಎಂಬ ಕಪ್ಪು ಗಿಟಾರ್‌ನಲ್ಲಿದೆ. 1970ರಲ್ಲಿ ಕ್ಲಾಪ್ಟನ್ ಅಮೆರಿಕದ ನ್ಯಾಶ್‌ವಿಲ್‌ನ ಒಂದು ಅಂಗಡಿಯಲ್ಲಿ ಹಳೆಯ ಸ್ಟ್ರ್ಯಾಟ್‌ಗಳನ್ನು ಒಟ್ಟಿಗೆ ಕೊಂಡರು. ಆಗ ಅವು ಅಗ್ಗಕ್ಕೆ ಸಿಗುತ್ತಿದ್ದವು. ಸಂಗೀತಗಾರ ಗೆಳೆಯರಾದ ಜಾರ್ಜ್ ಹ್ಯಾರಿಸನ್, ಸ್ಟೀವ್ ವಿನ್‌ವುಡ್, ಪೀಟ್ ಟೌನ್‌ಶೆಂಡ್‌ಗೆ ಒಂದೊಂದು ಕೊಟ್ಟು, ಉಳಿದ ಮೂರರ ಒಳ್ಳೊಳ್ಳೆಯ ಭಾಗಗಳನ್ನು ಸೇರಿಸಿ ಒಂದು ಗಿಟಾರ್ ಮಾಡಿಕೊಂಡರು. ಅದೇ ಬ್ಲ್ಯಾಕಿ. 1980ರ ದಶಕದ ನಡುವಿಗೆ ಅದು ಸವೆದು ವಿಶ್ರಾಂತಿಗೆ ಹೋಯಿತು. ಅದರ ಜಾಗಕ್ಕೆ ಬೇಕಾದ ಗಿಟಾರ್ ಬಗ್ಗೆ ಫೆಂಡರ್ ಜೊತೆ ನಡೆದ ಮಾತುಕತೆಯಿಂದ ಈ ಮಾಡೆಲ್ ಹುಟ್ಟಿತು. 2004ರಲ್ಲಿ ಬ್ಲ್ಯಾಕಿಯನ್ನು ನ್ಯೂಯಾರ್ಕ್‌ನ ಕ್ರಿಸ್ಟೀಸ್‌ನಲ್ಲಿ ಹರಾಜು ಹಾಕಿದರು. 9,59,500 ಡಾಲರ್ ಬಂತು. ಆ ದುಡ್ಡು ಹೋದದ್ದು ಆಂಟಿಗಾದಲ್ಲಿ ಕ್ಲಾಪ್ಟನ್ ಕಟ್ಟಿದ ವ್ಯಸನಮುಕ್ತಿ ಕೇಂದ್ರಕ್ಕೆ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ. ತನಗೆ ಬೇಕಾದ್ದು ಇಟ್ಟುಕೊಂಡು, ಬೇಡದ್ದು ಕಳಚಿ ಮಾಡಿದ ಗಿಟಾರ್ ಬ್ಲ್ಯಾಕಿ. ಅದರ ಜಾಗಕ್ಕೆ ಬಂದ ಗಿಟಾರನ್ನು ನಿಮ್ಮ ಕೈಗೆ ಹೊಂದಿಸಿಕೊಳ್ಳಲು ಯಾವ ಹಿಂಜರಿಕೆಯೂ ಬೇಡ.

ಮೊದಲು ನೆಕ್, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತು. ಅದರ ಬೆನ್ನು ಪೂರ್ತಿ ದುಂಡಗಿಲ್ಲ, ಮೆತ್ತಗಿನ 'ವಿ' ಆಕಾರದಲ್ಲಿದೆ. 1950ರ ದಶಕದ ನಡುವಿನ ಸ್ಟ್ರ್ಯಾಟ್‌ಗಳಲ್ಲಿ ಇದ್ದ ಆಕಾರ ಅದು. ಬ್ಲೂಸ್ ನುಡಿಸುವವರು ಹೆಬ್ಬೆರಳನ್ನು ನೆಕ್ಕಿನ ಮೇಲಂಚಿಗೆ ಹಾಯಿಸಿ, ಮಣಿಕಟ್ಟು ತಿರುಗಿಸಿ ತಂತಿ ಎಳೆಯುತ್ತಾರೆ. ಆಗ ನೆಕ್ ಅಂಗೈಯಲ್ಲಿ ಕೂರದೆ, ಹೆಬ್ಬೆರಳು ಮತ್ತು ತೋರುಬೆರಳಿನ ಸಂದಿಯಲ್ಲಿ ಕೂರುತ್ತದೆ. ಆ ಸಂದಿಗೆ 'ವಿ' ಸರಿಯಾಗಿ ಹೊಂದುತ್ತದೆ. ಕ್ಲಾಸಿಕಲ್ ಗಿಟಾರ್ ಕಲಿತು ಬಂದವರು ಹೆಬ್ಬೆರಳನ್ನು ನೆಕ್ಕಿನ ಬೆನ್ನ ನಡುವೆ ಊರುತ್ತಾರೆ. ಅವರಿಗೆ ಆ ಏಣು ಚುಚ್ಚಿದಂತೆ ಅನ್ನಿಸಬಹುದು. ಯಾವ ಸೆಟಪ್ಪೂ ಇದನ್ನು ಬದಲಿಸುವುದಿಲ್ಲ. ಹಾಗಾಗಿ ಕೊಳ್ಳುವ ಮೊದಲು ಅರ್ಧ ಗಂಟೆಯಾದರೂ ಕೈಯಲ್ಲಿ ಹಿಡಿದು ನುಡಿಸಿ ನೋಡಿ. ನೆಕ್ ಉಜ್ಜಿ ಸಣ್ಣ ಮಾಡಿಕೊಡಿ ಅಂತ ಕೇಳುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಆ ನೆಕ್ ಹಿಡಿಸದಿದ್ದರೆ ಮಾರಿ ಬೇರೆ ಕೊಳ್ಳುವುದೇ ಮೇಲು.

ಈಗ ಅಳತೆ. ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಆಮೇಲೆ ನೆಕ್ಕಿನ ಬಾಗು ನೋಡಬೇಕು. ಮೊದಲ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್‌ನ ತಲೆಗೂ ತಂತಿಗೂ ನಡುವೆ ಸುಮಾರು 0.25 ಮಿ.ಮೀ. ಸಂದು ಇರಬೇಕು. ಅಳೆಯಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಸಾಕು. ಮೆಕ್ಯಾನಿಕ್‌ಗಳು ಬಳಸುವ ವಸ್ತು ಅದು. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆಯಂಥ ಕಡೆ ಆಟೊಮೊಬೈಲ್ ಅಂಗಡಿಗಳಲ್ಲಿ ಕೇಳಿ. ಸಂದು ಜಾಸ್ತಿ ಇದ್ದರೆ ನೆಕ್ಕಿನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಕೀ ತಿರುಗದೆ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಗೊತ್ತಿರುವವರ ಹತ್ತಿರ ಒಯ್ಯಿರಿ.

ತಂತಿಯ ಎತ್ತರವನ್ನು, ಅಂದರೆ ಆಕ್ಷನ್ ಅನ್ನು, 17ನೇ ಫ್ರೆಟ್‌ನಲ್ಲಿ ನೋಡಿ. ಫೆಂಡರ್ ಹೇಳುವುದು 1.6 ಮಿ.ಮೀ. ಅಲ್ಲಿಂದ ಶುರು ಮಾಡಿ, ಆದರೆ ಅಲ್ಲೇ ನಿಲ್ಲಬೇಡಿ. ಇದರ ಫ್ರೆಟ್‌ಬೋರ್ಡ್ ಸಪಾಟಲ್ಲ, 9.5 ಇಂಚಿನ ರೇಡಿಯಸ್ಸಿನ ಉಬ್ಬು ಇದೆ. ತೆಳು ತಂತಿಯನ್ನು ಪಕ್ಕಕ್ಕೆ ಎಳೆದಾಗ ಅದು ಉಬ್ಬಿನ ನಡುಭಾಗಕ್ಕೆ ಹತ್ತುತ್ತದೆ. ಎತ್ತರ ಸಾಲದಿದ್ದರೆ ಮುಂದಿನ ಫ್ರೆಟ್‌ಗೆ ತಾಗಿ ಸ್ವರ ಅಲ್ಲೇ ಸಾಯುತ್ತದೆ. 12ರಿಂದ 15ನೇ ಫ್ರೆಟ್‌ವರೆಗೆ ಬಿ ಮತ್ತು ಸಣ್ಣ ಇ ತಂತಿಯನ್ನು ಎರಡು ಫ್ರೆಟ್‌ನಷ್ಟು ಸ್ವರ ಏರುವ ತನಕ ಎಳೆದು ನೋಡಿ. ಸ್ವರ ಸತ್ತರೆ, ಮೈಯ ಕಡೆ ಆ ತಂತಿ ಕೂರುವ ಪುಟ್ಟ ಲೋಹದ ತುಂಡನ್ನು, ಅಂದರೆ ಸ್ಯಾಡಲನ್ನು, ಚೂರು ಏರಿಸಿ. ಯೂಟ್ಯೂಬ್ ನೋಡಿ ಎಲ್ಲರೂ ಆಕ್ಷನ್ ತಗ್ಗಿಸಿ ಅಂತಾರೆ. ಎಳೆದು ನುಡಿಸುವ ಸಂಗೀತಕ್ಕೆ ಮಾಡಿದ ಗಿಟಾರ್‌ಗೆ ಅತಿ ತಗ್ಗು ಆಕ್ಷನ್ ಒಳ್ಳೆಯದಲ್ಲ. ತಂತಿ ಕೆಳಗೆ ಬೆರಳಿಗೆ ಹಿಡಿತ ಸಿಗಬೇಕು.

ಇನ್ನು ಬ್ರಿಡ್ಜ್, ಅಂದರೆ ಸ್ಯಾಡಲ್‌ಗಳು ಕೂತಿರುವ ಲೋಹದ ಭಾಗ. ಜನ ಸರಿಯಾಗಿ ಅರ್ಥ ಮಾಡಿಕೊಳ್ಳದೆ ಕೆಡಿಸುವುದು ಇಲ್ಲೇ.

ಸ್ಟ್ರ್ಯಾಟ್ ಅಂದರೆ ಟ್ರೆಮೊಲೊ, ಅಂದರೆ ಬ್ರಿಡ್ಜ್ ಅಲುಗಿಸಿ ಸ್ವರ ಏರಿಳಿಸುವ ಸನ್ನೆಕೋಲು, ಇರುವ ಗಿಟಾರ್. ಒಂದು ಕಡೆ ತಂತಿಗಳು ಬ್ರಿಡ್ಜನ್ನು ಮುಂದಕ್ಕೆ ಎಳೆಯುತ್ತವೆ. ಇನ್ನೊಂದು ಕಡೆ ಹಿಂಬದಿಯ ಸ್ಪ್ರಿಂಗ್‌ಗಳು ವಾಪಸ್ ಎಳೆಯುತ್ತವೆ. 10-46 ದಪ್ಪದ ತಂತಿ ಸೆಟ್ ಹಾಕಿ ಸ್ಟ್ಯಾಂಡರ್ಡ್ ಶ್ರುತಿಯಲ್ಲಿಟ್ಟರೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 47 ಕೆ.ಜಿ. ಹತ್ತಿರ ಹತ್ತಿರ ಒಂದು ಸಿಮೆಂಟ್ ಮೂಟೆಯ ಭಾರ. ಬ್ರಿಡ್ಜ್ ಮೈಗೆ ಕೂರದೆ ತೇಲುತ್ತಿದ್ದರೆ, ಒಂದು ತಂತಿಯನ್ನು ಎಳೆದಾಗ ಈ ಎರಡು ಎಳೆತಗಳ ಸಮತೋಲ ಏರುಪೇರಾಗುತ್ತದೆ. ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿಗಳ ಶ್ರುತಿ ಇಳಿಯುತ್ತದೆ. ಒಂದು ತಂತಿ ಎಳೆದು ಪಕ್ಕದ ತಂತಿಯನ್ನು ಜೊತೆಗೆ ಮೀಟುವುದು ಬ್ಲೂಸ್‌ನಲ್ಲಿ ತೀರಾ ಸಾಮಾನ್ಯ. ತೇಲುವ ಬ್ರಿಡ್ಜ್‌ನಲ್ಲಿ ಅದು ಅಪಸ್ವರ ಬರುತ್ತದೆ. ತಂತಿಯೊಂದು ಕಡಿದರೆ ಗಿಟಾರೇ ಶ್ರುತಿ ತಪ್ಪುತ್ತದೆ.

ಕ್ಲಾಪ್ಟನ್ ಟ್ರೆಮೊಲೊ ಬಳಸುವವರಲ್ಲ. ಅದಕ್ಕೇ ಈ ಮಾಡೆಲ್‌ನಲ್ಲಿ ಐದು ಸ್ಪ್ರಿಂಗ್ ಹಾಕಿ, ಒಳಗಿನ ಲೋಹದ ಬ್ಲಾಕ್ ಅಲ್ಲಾಡದಂತೆ ಒಂದು ಮರದ ತುಂಡು ಕೊಟ್ಟು ಬ್ರಿಡ್ಜನ್ನು ಮೈಗೆ ಕೂರಿಸಿರುತ್ತಾರೆ. ಹಿಂದಿನ ಪ್ಲೇಟ್ ಬಿಚ್ಚಿದ ಕೆಲವರು ಆ ಮರದ ತುಂಡನ್ನು ನೋಡಿ ಪ್ಯಾಕಿಂಗ್ ಅಂದುಕೊಳ್ಳುತ್ತಾರೆ, ತೆಗೆದು ಎಸೆಯುತ್ತಾರೆ. ದಯವಿಟ್ಟು ಎಸೆಯಬೇಡಿ. ಈ ಗಿಟಾರ್‌ನಲ್ಲಿ ನಿಜವಾದ ಸಹಿ ಅಂತ ಒಂದಿದ್ದರೆ ಆ ತುಂಡೇ ಅಂತ ನನ್ನ ಭಾವನೆ. ನೆಕ್ಕಿನ ತಲೆ (ಹೆಡ್‌ಸ್ಟಾಕ್) ಮೇಲಿನ ಅಕ್ಷರಗಳಿಂದ ಸ್ವರ ಬದಲಾಗುವುದಿಲ್ಲ, ಇದರಿಂದ ಬದಲಾಗುತ್ತದೆ.

ನಿಮಗೆ ಟ್ರೆಮೊಲೊ ಬೇಕೇ ಬೇಕು ಅಂದರೆ ಕೊಡಬಹುದು. ಮರಕ್ಕೆ ಗಾಯ ಮಾಡದೆ ವಾಪಸ್ ತರಬಹುದಾದ ಬದಲಾವಣೆ ಇದು. ತುಂಡು ತೆಗೆದು, ಸ್ಪ್ರಿಂಗ್ ಮೂರಕ್ಕೆ ಇಳಿಸಿ, ಬ್ರಿಡ್ಜ್‌ನ ಹಿಂಬದಿ ಮೈಯಿಂದ ಸುಮಾರು 3 ಮಿ.ಮೀ. ಮೇಲೆ ನಿಲ್ಲುವ ಹಾಗೆ ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಹೊಂದಿಸಬೇಕು. ಸ್ಕ್ರೂ ತಿರುಗಿಸಿ, ಶ್ರುತಿ ಮಾಡಿ, ಮತ್ತೆ ನೋಡಿ. ತಾಳ್ಮೆ ಬೇಡುವ ಕೆಲಸ. ಬ್ರಿಡ್ಜ್ ಎತ್ತರ ಬದಲಾದರೆ ಆಕ್ಷನ್ನೂ ಬದಲಾಗುತ್ತದೆ, ಆದ್ದರಿಂದ ಹಿಂದೆ ಮಾಡಿದ ಅಳತೆ ಮತ್ತೆ ಮಾಡಬೇಕು. ಟ್ರೆಮೊಲೊ ಜೊತೆಗೆ ನಟ್‌ನ (ನೆಕ್ಕಿನ ತಲೆಯ ಬಳಿ ತಂತಿ ಹಾಯುವ ಪಟ್ಟಿಯ) ಸೀಳುಗಳಲ್ಲಿ ತಂತಿ ಸಿಕ್ಕಿಕೊಳ್ಳದೆ ಜಾರಬೇಕು. ಪೆನ್ಸಿಲ್ ಮೊನೆಯ ಪುಡಿ ಸವರಿದರೆ ಸಾಕಷ್ಟು ಗುಣ ಕಾಣುತ್ತದೆ.

ಎಲೆಕ್ಟ್ರಾನಿಕ್ಸ್‌ಗೆ ಬರೋಣ. ಮೂರು ನಾಬ್ ಇವೆ. ಮೊದಲನೆಯದು ವಾಲ್ಯೂಮ್. ಎರಡನೆಯದು ಟಿಬಿಎಕ್ಸ್ ಎಂಬ ಟೋನ್ ನಾಬ್. ನಡುವಿಗೆ ಬಂದಾಗ 'ಟಕ್' ಅಂತ ನಿಲ್ಲುತ್ತದೆ. ಅಲ್ಲಿಂದ ಕೆಳಕ್ಕೆ ಮಾಮೂಲಿ ಟೋನ್, ಮೇಲಕ್ಕೆ ಹೋದರೆ ಸದ್ದು ಇನ್ನೂ ಚುರುಕಾಗುತ್ತದೆ. ಮೂರನೆಯದು ಮಿಡ್ ಬೂಸ್ಟ್. ಕ್ಲಾಪ್ಟನ್ 1960ರ ದಶಕದಲ್ಲಿ ಹೆಸರು ಮಾಡಿದ್ದು ಗಿಬ್ಸನ್ ಗಿಟಾರ್‌ಗಳಿಂದ, ಅವುಗಳ ದಪ್ಪ, ತುಂಬಿದ ದನಿಯಿಂದ. ಆಮೇಲೆ ಸ್ಟ್ರ್ಯಾಟ್‌ಗೆ ಬಂದರು. ಸ್ಟ್ರ್ಯಾಟ್‌ನ ಸದ್ದು ತೆಳು, ಗಾಜಿನಂತೆ ಸ್ಪಷ್ಟ. ಎರಡೂ ಒಂದೇ ಗಿಟಾರ್‌ನಲ್ಲಿ ಬೇಕು ಅನ್ನಿಸುವುದು ಸಹಜ. ಬ್ಯಾಟರಿಯಿಂದ ನಡೆಯುವ ಚಿಕ್ಕ ಸರ್ಕಿಟ್ ಒಂದು ನಡುದನಿಯನ್ನು 25 ಡೆಸಿಬಲ್‌ವರೆಗೆ ಏರಿಸುತ್ತದೆ. ವೋಲ್ಟೇಜ್ ಲೆಕ್ಕದಲ್ಲಿ ಅದು ಸುಮಾರು 18 ಪಟ್ಟು!

ಇಷ್ಟು ಬಲ ಇದೆ ಅಂತ ಪೂರ್ತಿ ತಿರುಗಿಸಿ ಇಟ್ಟರೆ ಎಲ್ಲವೂ ಒಂದೇ ಥರ ಮಂದವಾಗಿ ಕೇಳಿಸುತ್ತದೆ. ನಾನು ಹೇಳುವ ಕ್ರಮ ಹೀಗೆ. ಬೂಸ್ಟ್ ಸೊನ್ನೆಯಲ್ಲಿಟ್ಟು ಆಂಪ್ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಅನ್ನು ಒಡೆಯುವ ಅಂಚಿಗೆ ತನ್ನಿ, ಅಂದರೆ ಮೆಲ್ಲಗೆ ಮೀಟಿದರೆ ಸ್ವಚ್ಛ, ಗಟ್ಟಿಯಾಗಿ ಮೀಟಿದರೆ ಸ್ವಲ್ಪ ಒರಟು. ಆಮೇಲೆ ಬೂಸ್ಟ್ ನಿಧಾನ ಏರಿಸುತ್ತಾ ಹೋಗಿ. ಸುಮಾರು ಅರ್ಧದೊಳಗೇ ಸ್ವರ ದುಂಡಗಾಗಿ, ಉದ್ದವಾಗಿ ನಿಲ್ಲತೊಡಗುತ್ತದೆ. ಪಾದದ ಕೆಳಗೆ ಸದ್ದು ಬದಲಿಸುವ ಪೆಡಲ್ ಇಲ್ಲದೆ, ಕಿರುಬೆರಳಲ್ಲೇ ತೆಳುವಿನಿಂದ ದಪ್ಪಕ್ಕೆ ಹೋಗುವುದು ಈ ಗಿಟಾರ್‌ನ ದೊಡ್ಡ ಸುಖ. ಇದನ್ನು ಬಳಸದೆ ಸುಮ್ನೆ ಪೆಡಲ್ ಸಾಲು ಜೋಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಬ್ಯಾಟರಿ ಬಗ್ಗೆ ಒಂದು ಮಾತು. ಕೇಬಲ್ ಚುಚ್ಚಿದಾಗಲೇ ಸರ್ಕಿಟ್ ಆನ್ ಆಗುತ್ತದೆ. ನುಡಿಸಿ ಮುಗಿದ ಮೇಲೆ ಕೇಬಲ್ ಹಾಗೇ ಬಿಟ್ಟರೆ 9 ವೋಲ್ಟ್ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ಸದ್ದು ಸಣ್ಣಗಾಗಿ ಹರಿದಂತೆ ಕೇಳಿಸಿದರೆ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಕೆಟ್ಟಿದೆ ಅಂತ ಗಾಬರಿ ಬೇಡ, ಮೊದಲು ಬ್ಯಾಟರಿ ಬದಲಿಸಿ.

ಪಿಕಪ್‌ಗಳಲ್ಲಿ ಎರಡು ಕಾಲ ಇದೆ. ಮೊದಲು ಬಂದ ಗಿಟಾರ್‌ಗಳಲ್ಲಿ 'ಗೋಲ್ಡ್' ಎಂಬ ಹೆಸರಿನ ಲೇಸ್ ಸೆನ್ಸರ್, ಆಮೇಲೆ ಬಂದವುಗಳಲ್ಲಿ ವಿಂಟೇಜ್ ನಾಯ್ಸ್‌ಲೆಸ್. ಲೇಸ್ ಸೆನ್ಸರ್‌ನ ಅಯಸ್ಕಾಂತದ ಎಳೆತ ಕಡಿಮೆ, ತಂತಿಗೆ ಎಷ್ಟು ಹತ್ತಿರ ಬೇಕಾದರೂ ತರಬಹುದು. ನಾಯ್ಸ್‌ಲೆಸ್ ಹಾಗಲ್ಲ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ದಪ್ಪ ತಂತಿಯ ಕಡೆ ಸುಮಾರು 3.2 ಮಿ.ಮೀ., ತೆಳು ತಂತಿಯ ಕಡೆ 2.4 ಮಿ.ಮೀ. ಸಂದು ಬಿಡಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಸ್ವರ ತೊದಲುತ್ತದೆ. ಇಂಟೊನೇಷನ್, ಅಂದರೆ ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಸರಿ ಇರುವುದು, ಎಷ್ಟು ತಿದ್ದಿದರೂ ಸರಿಹೋಗದಿದ್ದರೆ ಸ್ಯಾಡಲ್ ಬಿಟ್ಟು ಪಿಕಪ್ ಇಳಿಸಿ ನೋಡಿ. ಇಂಟೊನೇಷನ್ ಕೆಲಸ ಉಳಿದ ಗಿಟಾರ್‌ಗಳಂತೆಯೇ: 12ನೇ ಫ್ರೆಟ್ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

"ನಾಯ್ಸ್‌ಲೆಸ್ ಅಂತ ಬರೆದಿದೆ, ಆದರೂ ಗುಂಯ್ ಅನ್ನುತ್ತದೆ" ಎಂಬ ದೂರು ನಮ್ಮಲ್ಲಿ ತುಂಬಾ ಬರುತ್ತದೆ. ಆ ಪಿಕಪ್‌ನಲ್ಲಿ ಒಂದರ ಮೇಲೊಂದು ಎರಡು ಕಾಯಿಲ್ ಇರುತ್ತವೆ. ಟ್ರಾನ್ಸ್‌ಫಾರ್ಮರ್‌ನಂಥ ವಸ್ತುಗಳಿಂದ ಗಾಳಿಯಲ್ಲಿ ಬರುವ 50 ಹರ್ಟ್ಸ್ ಸದ್ದನ್ನು ಒಂದು ಇನ್ನೊಂದರ ಜೊತೆ ಸೇರಿ ಅಳಿಸುತ್ತದೆ. ಮನೆಯ ವೈರಿಂಗ್‌ನಲ್ಲಿ ಅರ್ತಿಂಗ್ ಇಲ್ಲದಿದ್ದರೆ ಬರುವ ಸದ್ದು ಬೇರೆ, ಅದನ್ನು ಯಾವ ಪಿಕಪ್ಪೂ ಅಳಿಸಲಾರದು. ಬೂಸ್ಟ್ ಏರಿಸಿದರೆ ಆ ಸದ್ದೂ ಏರುತ್ತದೆ. ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಕಿತ್ತು, ಎರಡು ಪಿನ್ ಅಡಾಪ್ಟರ್‌ಗೆ ಆಂಪ್ ಹಾಕುವ ಅಭ್ಯಾಸ ಈಗಲೂ ಇದೆ. ಗದ್ದಲದ ಮಾತು ಹಾಗಿರಲಿ, ಇದು ಪ್ರಾಣಕ್ಕೇ ಅಪಾಯ. ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿದಾಗ ಶಾಕ್ ಹೊಡೆಯುವುದು ಹೀಗೇ. ತಂತಿ ಮುಟ್ಟಿದಾಗ ಕೈ ಜುಂ ಅಂದರೆ ಅವತ್ತೇ ನುಡಿಸುವುದು ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಹವಾಮಾನದ ಮಾತು. ಇದರ ನೆಕ್ ಮೇಪಲ್ ಮರದ್ದು, ಮೇಲೆ ಪಾಲಿಶ್ ಇರುತ್ತದೆ, ಆದ್ದರಿಂದ ತೇವ ನಿಧಾನವಾಗಿ ಎಳೆಯುತ್ತದೆ. ಆದರೂ ಏಪ್ರಿಲ್‌ನ ಬೆಂಗಳೂರಿಗೂ ಜುಲೈನ ಮಂಗಳೂರಿಗೂ ಒಂದೇ ಸೆಟಪ್ ಒಗ್ಗುವುದಿಲ್ಲ. ಅಮೆರಿಕ, ಕೆನಡಾದಲ್ಲಿರುವ ನಮ್ಮವರು ಚಳಿಗಾಲದ ಹೀಟರ್ ಹಾಕಿದ ಕೋಣೆಯಲ್ಲಿ ಗಿಟಾರ್ ಇಟ್ಟರೆ ಮರ ಒಣಗಿ ಕುಗ್ಗುತ್ತದೆ, ಫ್ರೆಟ್ ತುದಿಗಳು ನೆಕ್ಕಿನ ಅಂಚಲ್ಲಿ ಕೈಗೆ ತರಚತೊಡಗುತ್ತವೆ. ಬಾಗು ಯಾವ ಕಡೆ ಹೋಗಿದೆ ಅಂತ ಊಹಿಸಬೇಡಿ, ಗೇಜ್ ಇಟ್ಟು ಅಳೆಯಿರಿ. ಕರಾವಳಿಯಲ್ಲಿ ಇರುವವರು ಸ್ಯಾಡಲ್‌ನ ಪುಟ್ಟ ಸ್ಕ್ರೂಗಳನ್ನು ಗಮನಿಸಿ. ಬೆವರು ಮತ್ತು ಉಪ್ಪಿನ ಗಾಳಿಗೆ ಅವು ತುಕ್ಕು ಹಿಡಿದು ತಿರುಗುವುದೇ ಇಲ್ಲ. ತಂತಿ ಬದಲಿಸುವಾಗಲೆಲ್ಲ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಮುಟ್ಟಿಸಿ.

ಏನನ್ನೇ ಬಿಚ್ಚಿದರೂ ಬಿಚ್ಚಿದ್ದನ್ನು ಎತ್ತಿಡಿ. ಮರದ ತುಂಡು, ಎರಡು ಸ್ಪ್ರಿಂಗ್, ಹಳೆಯ ಪಿಕಪ್ ಬದಲಿಸಿದ್ದರೆ ಅದೂ, ಜೊತೆಗೆ ಕೇಸ್ ಮತ್ತು ಕಾಗದ ಪತ್ರ. ಒಂದು ಚೀಟಿಯಲ್ಲಿ ನಿಮ್ಮ ಅಳತೆ, ತಂತಿಯ ಸೆಟ್, ದಿನಾಂಕ ಬರೆದು ಕೇಸ್‌ನೊಳಗೆ ಹಾಕಿಡಿ. ಮುಂದಿನ ಸಲ ಯಾರ ಹತ್ತಿರ ಒಯ್ದರೂ, ನಿಮ್ಮ ಕೈಗೆ ಏನು ಒಗ್ಗಿತ್ತು ಅಂತ ಅವರಿಗೆ ಆ ಚೀಟಿಯಿಂದಲೇ ತಿಳಿಯುತ್ತದೆ.